ಒಂದೇ ಬೀದಿಯ ಡಿಸೆಂಬರ್: ಮಕ್ಕಳಿಗೆ ಹಬ್ಬಗಳ ಹೋಲಿಕೆ ಕಲಿಸುವುದು ಹೇಗೆ?

ಡಿಸೆಂಬರ್ ಹತ್ತಿರವಾದಂತೆ ನಮ್ಮ ಪ್ರಾಥಮಿಕ ಶಾಲೆಗಳ ಗೋಡೆಗೆ ಒಂದು ಚಾರ್ಟ್ ಏರುತ್ತದೆ. ನಾಲ್ಕು ಚೌಕ, ನಾಲ್ಕು ಧರ್ಮ, ನಾಲ್ಕು ಹಬ್ಬ. ದೀಪದ ಕೆಳಗೆ ದೀಪಾವಳಿ, ಚಂದ್ರನ ಕೆಳಗೆ ರಂಜಾನ್, ಮರದ ಕೆಳಗೆ ಕ್ರಿಸ್ಮಸ್, ಹೀಗೆ. ಒಂದನೇ ತರಗತಿಯ ಮಗು ಚಿತ್ರಕ್ಕೂ ಹೆಸರಿಗೂ ಗೆರೆ ಎಳೆದು ಹೊಂದಿಸಿದರೆ ಪಾಠ ಮುಗಿಯಿತು. ಆಮೇಲೆ ಹತ್ತಿಯ ಗಡ್ಡ ಅಂಟಿಸಿಕೊಂಡ ಸಾಂತಾ ಕ್ಲಾಸ್, ಸಂಕ್ರಾಂತಿಗೆ ಕಾಗದದ ಗಾಳಿಪಟ, ಫೋಟೊ, ಚಾಕೊಲೇಟು. ಇದರಲ್ಲಿ ಕೆಡುಕೇನೂ ಇಲ್ಲವಲ್ಲ ಎನ್ನಿಸುವುದು ಸಹಜ. ಆದರೆ ಈ ಚಾರ್ಟು ಮಗುವಿನ ತಲೆಯಲ್ಲಿ ಒಂದು ತಪ್ಪು ಲೆಕ್ಕವನ್ನು ಕೂರಿಸುತ್ತದೆ: ಒಂದು ಧರ್ಮದವರೆಲ್ಲ ಒಂದೇ ಹಬ್ಬವನ್ನು ಒಂದೇ ರೀತಿ ಮಾಡುತ್ತಾರೆ, ಇನ್ನೊಂದು ಧರ್ಮದವರು ಮಾಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಲೆಕ್ಕ. ಹೋಲಿಕೆ ಕಲಿಸುತ್ತೇವೆಂದು ಹೊರಟು ನಾವು ವಿಂಗಡಣೆಯನ್ನು ಕಲಿಸಿರುತ್ತೇವೆ. ಚಿಕ್ಕ ಮಕ್ಕಳಿಗೆ ಹಬ್ಬಗಳನ್ನು ಹೋಲಿಸಲು ಕಲಿಸಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಶುರು ಮಾಡಬೇಕಾದ್ದು ಧರ್ಮದ ಹೆಸರಿನಿಂದಲ್ಲ. ಮನೆಯಲ್ಲಿ ನಡೆಯುವ ಕೆಲಸದಿಂದ. ಯಾರು ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ಬಾಗಿಲಿಗೆ ಏನು ಹಾಕುತ್ತಾರೆ, ಬಾಣಲೆಗೆ ಏನು ಬಿಡುತ್ತಾರೆ, ಮಕ್ಕಳ ತಲೆಯ ಮೇಲೆ ಏನು ಸುರಿಯುತ್ತಾರೆ, ಇಂಥ ಪ್ರಶ್ನೆಗಳಿಂದ. ಇದಕ್ಕೆ ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಗಿಂತ ಒಳ್ಳೆಯ ಪಾಠಶಾಲೆ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ.

ಈ ಊರುಗಳು ಹೇಗೆ ತುಂಬಿದವು ಎಂಬುದರಲ್ಲೇ ಅದಕ್ಕೆ ಕಾರಣವಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಕೈಹಾಕಿದ ಮೇಲೆ ಜನ ನಾಲ್ಕೂ ದಿಕ್ಕಿನಿಂದ ಬಂದರು. ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಬಂದ ತಮಿಳರು, ಅದರಲ್ಲೂ ದಲಿತ ಕುಟುಂಬಗಳು, ಭೂಮಿಯೊಳಗಿನ ಕೆಲಸಕ್ಕೆ ಇಳಿದರು. ಚಿತ್ತೂರಿನ ಕಡೆಯ ತೆಲುಗರು, ಕೇರಳದವರು, ದಖ್ಖನಿ ಮಾತಾಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಅನುಭವಿ ಗಣಿಗಾರರು, ಇಟಲಿಯವರು ಎಲ್ಲರೂ ಕೆಲವೇ ಚದರ ಮೈಲಿಯಲ್ಲಿ ಸೇರಿಕೊಂಡರು. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡವೂ ತೆಲುಗೂ ಮೊದಲಿನಿಂದ ಇದ್ದೇ ಇದ್ದವು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಗಣಿಗೆಂದೇ ರೈಲು ಹಳಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಯುರೋಪಿನ ಅಧಿಕಾರಿಗಳು ಬಂಗಲೆ, ಕ್ಲಬ್ಬು ಕಟ್ಟಿಕೊಂಡು ‘ಪುಟ್ಟ ಇಂಗ್ಲೆಂಡ್’ ಎಂದು ಕರೆದುಕೊಂಡರೆ, ಕಾರ್ಮಿಕರ ಪಾಲಿಗೆ ಬಂದದ್ದು ಒತ್ತೊತ್ತಾಗಿ ಕಟ್ಟಿದ ಲೈನು ಮನೆಗಳು. ಆ ಲೈನುಗಳಲ್ಲಿ ಗೋಡೆಯ ಆಚೆ ಮನೆಯ ಒಗ್ಗರಣೆಯ ವಾಸನೆ ಈಚೆ ಮನೆಗೆ ಬರದೆ ಇರುತ್ತಿರಲಿಲ್ಲ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಜನ ಉಳಿದರು, ಅವರ ಜೊತೆ ಹಬ್ಬಗಳೂ ಉಳಿದವು.

ಇವುಗಳಲ್ಲಿ ಹಲವು ಡಿಸೆಂಬರ್, ಜನವರಿಯಲ್ಲೇ ಬರುತ್ತವೆ, ಆದರೆ ನಮ್ಮಲ್ಲಿ ‘ಚಳಿಗಾಲದ ರಜೆ’ ಎಂಬ ಮಾತೇ ಶಾಲಾ ವೇಳಾಪಟ್ಟಿಯಲ್ಲಿಲ್ಲ. ದಸರಾಕ್ಕೆ ಮಧ್ಯಂತರ ರಜೆ, ಬೇಸಿಗೆಗೆ ದೊಡ್ಡ ರಜೆ. ಕ್ರಿಸ್ಮಸ್, ಸಂಕ್ರಾಂತಿ ಒಂದೊಂದು ದಿನ. ಕ್ರೈಸ್ತ ಆಡಳಿತದ ಕೆಲವು ಶಾಲೆಗಳು ಮಾತ್ರ ದಸರಾ ರಜೆಯನ್ನು ಕಡಿತ ಮಾಡಿಕೊಂಡು ಕ್ರಿಸ್ಮಸ್‌ಗೆ ಕೊಡುತ್ತವೆ. ಇದು ಒಂದು ಲೆಕ್ಕಕ್ಕೆ ಅನುಕೂಲವೇ. ಡಿಸೆಂಬರ್ ಮಧ್ಯಭಾಗದಿಂದ ಜನವರಿ ಮಧ್ಯಭಾಗದವರೆಗೆ ಹೆಚ್ಚುಕಡಿಮೆ ಅಷ್ಟೂ ದಿನ ಬಹುತೇಕ ಮಕ್ಕಳು ಶಾಲೆಯಲ್ಲೇ ಇರುತ್ತಾರೆ, ಮತ್ತು ಅಷ್ಟೂ ದಿನ ಬೀದಿಯಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಕಾಲಿಡುತ್ತದೆ. ಕನ್ನಡದ ಮನೆಗಳಲ್ಲಿ ಸೂರ್ಯ ಮೂಡುವ ಮೊದಲೇ ಪೂಜೆ ಮುಗಿಸಿ ಹುಗ್ಗಿಯ ನೈವೇದ್ಯ. ವಿಷ್ಣು ದೇವಾಲಯಗಳಲ್ಲಿ ಆಂಡಾಳ್ ರಚಿಸಿದ ತಿರುಪ್ಪಾವೈಯ 30 ಪಾಶುರಗಳು ದಿನಕ್ಕೊಂದರಂತೆ. ತಮಿಳರಿಗೆ ಇದು ಮಾರ್ಗಳಿ. ಬಾಗಿಲ ಮುಂದೆ ದಿನವೂ ದೊಡ್ಡ ಕೋಲ, ಅಂದರೆ ರಂಗೋಲಿ, ಅದರ ನಡುವೆ ಸಗಣಿ ಉಂಡೆ, ಉಂಡೆಯ ಮೇಲೆ ಹಳದಿ ಕುಂಬಳ ಹೂವು. ತೆಲುಗು ಮನೆಗಳಲ್ಲೂ ಅದೇ ಉಂಡೆ, ಅದೇ ಹೂವು. ಅವರದ್ದು ಗೊಬ್ಬೆಮ್ಮ, ಸಂಕ್ರಾಂತಿಯ ದಿನಗಳಲ್ಲಿ ಹೆಣ್ಣುಮಕ್ಕಳು ಅದರ ಸುತ್ತ ಹಾಡುತ್ತಾ ಸುತ್ತುತ್ತಾರೆ. ಅಯ್ಯಪ್ಪ ಮಾಲೆ ಹಾಕಿದವರು ಕಪ್ಪು ಪಂಚೆಯಲ್ಲಿ ತಣ್ಣೀರು ಸ್ನಾನ ಮಾಡಿ ಹೊರಟಿರುತ್ತಾರೆ. ಇದೇ ಹೊತ್ತಿಗೆ ಗಣಿ ಊರಿನ ಚಾಂಪಿಯನ್ ರೀಫ್‌ನ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿನ ಸುತ್ತಮುತ್ತ, ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಯ ಮನೆಗಳ ಮುಂದೆ ಕಾಗದದ ನಕ್ಷತ್ರ ತೂಗುಬೀಳುತ್ತದೆ. ತಮಿಳು ಕ್ರೈಸ್ತರ ಬಾಗಿಲಲ್ಲಿ ನಕ್ಷತ್ರದ ಕೆಳಗೇ ಕೋಲವೂ ಇರುತ್ತದೆ. ನಾಲ್ಕು ಚೌಕದ ಚಾರ್ಟಿನಲ್ಲಿ ಈ ಬಾಗಿಲಿಗೆ ಎಲ್ಲಿ ಜಾಗ ಮಾಡುತ್ತೀರಿ?

ಮೊದಲ ಪಾಠವನ್ನು ಧರ್ಮಗಳ ನಡುವಿನ ಹೋಲಿಕೆಯಿಂದ ಆರಂಭಿಸದೆ ಒಂದೇ ಹಬ್ಬದ ಒಳಗಿನ ವ್ಯತ್ಯಾಸದಿಂದ ಆರಂಭಿಸುವುದು ಒಳ್ಳೆಯದು ಎಂದು ನಾನು ಹೇಳುವುದಕ್ಕೆ ಎಲಚಿ ಹಣ್ಣಿನ ಉದಾಹರಣೆ ಸಾಕು. ಜನವರಿ 13ರ ಆಸುಪಾಸಿನಲ್ಲಿ ಭೋಗಿ. ಅಂದು ಬೆಳಗ್ಗೆ ತೆಲುಗು, ತಮಿಳು ಮನೆಗಳವರು ಹಳೆಯ ಚಾಪೆ, ಮುರುಕು ಮೊರ, ಸವೆದ ಪೊರಕೆ ಒಟ್ಟುಮಾಡಿ ಬೆಂಕಿ ಹಾಕುತ್ತಾರೆ. ಸಂಜೆ ತೆಲುಗು ಮನೆಯಲ್ಲಿ ಚಿಕ್ಕ ಮಕ್ಕಳನ್ನು ಕೂರಿಸಿ, ಎಲಚಿ ಹಣ್ಣು, ಚಿಲ್ಲರೆ ಕಾಸು, ಕಬ್ಬಿನ ತುಂಡು, ಹೂವಿನ ಎಸಳು ಬೆರೆಸಿ ತಲೆಯ ಮೇಲೆ ಸುರಿದು ಆರತಿ ಎತ್ತುತ್ತಾರೆ. ಹಳೆ ಮೈಸೂರಿನ ಅನೇಕ ಕನ್ನಡ ಮನೆಗಳಲ್ಲೂ ಮಕ್ಕಳಿಗೆ ಎಲಚಿ ಹಣ್ಣು ಎರೆಯುತ್ತಾರೆ. ಆದರೆ ಅದು ಮಾರನೆಯ ದಿನ, ಸಂಕ್ರಾಂತಿಯಂದು. ಪಕ್ಕದ ತಮಿಳು ಮನೆಯಲ್ಲಿ ಸಾಮಾನ್ಯವಾಗಿ ಈ ಶಾಸ್ತ್ರವಿಲ್ಲ. ಅಲ್ಲಿ ಹೊಸ ಮಡಕೆಗೆ ಅರಿಶಿನದ ಕೊಂಬು ಕಟ್ಟಿ, ಅಂಗಳದಲ್ಲಿ ಒಲೆ ಹೂಡಿ, ಹಾಲು ಉಕ್ಕುವುದನ್ನೇ ಕಾಯುತ್ತಾರೆ. ಕನ್ನಡದ ಹುಡುಗಿ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಸಕ್ಕರೆ ಅಚ್ಚು ಇಟ್ಟುಕೊಂಡು ಮನೆಮನೆಗೆ ಬೀರಲು ಹೋಗುತ್ತಾಳೆ. ಸಂಜೆ ಹಳ್ಳಿಯಲ್ಲಿ ಹಸು ಎತ್ತುಗಳಿಗೆ ಕಿಚ್ಚು ಹಾಯಿಸುತ್ತಾರೆ. ತಮಿಳರ ದನದ ಹಬ್ಬ ಮರುದಿನ, ತೆಲುಗರ ಕನುಮವೂ ಮರುದಿನ. ಇವರೆಲ್ಲರಿಗೂ ಚಾರ್ಟಿನಲ್ಲಿ ಇರುವುದು ಒಂದೇ ಚೌಕ. ‘ನಿಮ್ಮ ಮನೆಯಲ್ಲಿ ಎಲಚಿ ಹಣ್ಣು ಯಾವತ್ತು?’ ಎಂದು ಕೇಳಿದರೆ ತರಗತಿಯಲ್ಲಿ ಮೂರು ಬಗೆಯ ಉತ್ತರ ಬರುತ್ತದೆ. ‘ನಮ್ಮವರು’ ಎಂದು ತಾನು ತಿಳಿದುಕೊಂಡವರಲ್ಲೇ ಮೂರು ರೀತಿ ಇದೆ ಎಂದು ಗೊತ್ತಾದ ಮಗುವಿಗೆ ನಾಲ್ಕನೆಯ ರೀತಿ ಎದುರಾದಾಗ ಅದು ವಿಚಿತ್ರವಾಗಿ ಕಾಣುವುದಿಲ್ಲ.

ಐದಾರು ವರ್ಷದ ಮಗುವಿಗೆ ಹೋಲಿಸುವ ಶಕ್ತಿ ಎಲ್ಲಿಂದ ಬರಬೇಕು, ಅದು ಕಣ್ಣಿಗೆ ಕಂಡದ್ದನ್ನಷ್ಟೇ ಗ್ರಹಿಸುತ್ತದೆ ಎಂಬ ಮಾತು ಶಿಕ್ಷಕರಲ್ಲೇ ಇದೆ. ಅದು ಅರ್ಧ ನಿಜ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಡೆಡ್ರಿ ಗೆಂಟ್ನರ್ ಮತ್ತು ಲಾರಾ ನೇಮಿ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಉಳಿದರ್ಧವನ್ನು ತೋರಿಸುತ್ತದೆ. ನಾಲ್ಕು ವರ್ಷದ ಮಕ್ಕಳಿಗೆ ಬೈಸಿಕಲ್ಲಿನ ಚಿತ್ರ ಒಂದನ್ನೇ ತೋರಿಸಿ ‘ಇದರ ಜಾತಿಯದ್ದು ಯಾವುದು?’ ಎಂದರೆ, ಎರಡು ದುಂಡು ಇರುವ ಕನ್ನಡಕದಂಥ ನೋಟದ ಹೋಲಿಕೆಯನ್ನೇ ಆರಿಸುತ್ತಾರೆ. ಬೈಸಿಕಲ್ಲನ್ನೂ ತ್ರಿಚಕ್ರ ಸೈಕಲ್ಲನ್ನೂ ಒಟ್ಟಿಗೆ ಇಟ್ಟು, ಎರಡನ್ನೂ ನೋಡಿ ಆರಿಸಲು ಹೇಳಿದಾಗ ಅದೇ ವಯಸ್ಸಿನ ಮಕ್ಕಳು ಕನ್ನಡಕ ಬಿಟ್ಟು ಸ್ಕೇಟ್‌ಬೋರ್ಡಿನಂಥ, ಸವಾರಿಗೆ ಬರುವ ವಸ್ತುವಿನ ಕಡೆ ಹೊರಳುತ್ತಾರೆ. ಒಂದನ್ನೇ ನೋಡಿದಾಗ ಹೊರಮೈ. ಎರಡನ್ನು ಜೋಡಿಸಿ ನೋಡಿದಾಗ ಉಪಯೋಗ, ಸಂಬಂಧ. ಹಬ್ಬದ ಪಾಠಕ್ಕೆ ಇದನ್ನು ಅನ್ವಯಿಸಿದರೆ ಚಾರ್ಟಿನ ದೋಷ ಎಲ್ಲಿದೆ ಎಂದು ತಿಳಿಯುತ್ತದೆ. ಒಂದೊಂದು ಚೌಕ ಒಂದೊಂದು ಒಂಟಿ ಚಿತ್ರ. ಮಗು ಅದರಲ್ಲಿ ಬಣ್ಣವನ್ನು, ಉಡುಪನ್ನು, ಗಡ್ಡವನ್ನು ನೋಡುತ್ತದೆ. ಹತ್ತಿರದ ಎರಡನ್ನು ಕೈಗೆ ಕೊಟ್ಟರೆ, ಇವೆರಡೂ ಯಾಕೆ ಒಂದೇ ಕೆಲಸ ಮಾಡುತ್ತಿವೆ ಎಂಬ ಕಡೆಗೆ ಅದರ ಗಮನ ಹರಿಯುತ್ತದೆ. ಹತ್ತಿರದ ಜೋಡಿಯಿಂದ ದೂರದ ಜೋಡಿಗೆ ಹೋಗಬೇಕು ಎಂಬುದಕ್ಕೂ ಇದೇ ಆಧಾರ. ಬಂಗಾರಪೇಟೆಯ ಮಗುವಿಗೆ ಸ್ವೀಡನ್ನಿನ ಸೇಂಟ್ ಲೂಸಿಯಾ ದಿನದ ಚಿತ್ರ ತೋರಿಸುವ ಮೊದಲು ಮೂರನೇ ಮನೆಯ ಒಲೆಯನ್ನು ತೋರಿಸಬೇಕು.

ಒಲೆಯ ಮಾತು ಬಂದದ್ದರಿಂದ ಮೂರು ಸಾಮಾನುಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳೋಣ. ಒಂದು, ಕನ್ನಡ ಮನೆಯ ಸಕ್ಕರೆ ಅಚ್ಚಿನ ಮರದ ಹಲಗೆ. ಎರಡು ಮೂರು ತುಂಡು ಸೇರಿದರೆ ಒಂದು ಅಚ್ಚು. ಒಳಗೆ ಆನೆ, ಗಿಳಿ, ತೇರು, ಬಾಳೆಗೊನೆ ಕೊರೆದಿರುತ್ತದೆ. ಹಲಗೆಯನ್ನು ನೀರಲ್ಲಿ ನೆನೆಸಿ, ಜೋಡಿಸಿ ಬಿಗಿಯಾಗಿ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕವನ್ನು ಬಿಸಿಯಾಗಿರುವಾಗಲೇ ಹೊಯ್ದು, ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಎರಡು, ಉದ್ದ ಹಿಡಿಯ ತುದಿಗೆ ಹೂವಿನಾಕಾರದ ಕಬ್ಬಿಣ. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಇದರಿಂದ ಕ್ರಿಸ್ಮಸ್‌ಗೆ ರೋಸ್ ಕುಕ್ಕಿ ಮಾಡುತ್ತಾರೆ. ತಮಿಳು ಹಿಂದೂ ಮನೆಗಳಲ್ಲಿ ಇದೇ ಅಚ್ಚು ಮುರುಕ್ಕು, ತೆಲುಗಿನವರಲ್ಲಿ ಗುಲಾಬಿ ಪುವ್ವುಲು. ಇದರ ಗುಟ್ಟು ಇರುವುದು ಅಚ್ಚು ಕಾಯುವುದರಲ್ಲಿ. ಕಾದ ಎಣ್ಣೆಯಲ್ಲಿ ಮೊದಲು ಅಚ್ಚನ್ನು ಅದ್ದಿಟ್ಟು, ಆಮೇಲೆ ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಇಳಿಸಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಮೇಲಕ್ಕೂ ಹತ್ತಿ ಕುಕ್ಕಿ ಬಿಡುವುದಿಲ್ಲ. ಅಚ್ಚು ತಣ್ಣಗಿದ್ದರೆ ಹಿಟ್ಟು ಅಂಟುವುದೇ ಇಲ್ಲ. ಸ್ವೀಡನ್, ನಾರ್ವೆಯಲ್ಲೂ ಇಂಥದ್ದೇ ಕಬ್ಬಿಣದಲ್ಲಿ ಕ್ರಿಸ್ಮಸ್‌ಗೆ ಕರಿಯುತ್ತಾರೆ, ಇರಾನಿನಲ್ಲೂ ಈ ತಿಂಡಿ ಇದೆ. ಮೂರು, ಒಂದು ಹೊಸ ಬಾಚಣಿಗೆ, ಇಲ್ಲವೇ ಊಟದ ಫೋರ್ಕು. ಮೈದಾ, ತೆಂಗಿನ ಹಾಲು, ಸಕ್ಕರೆ ಕಲಸಿದ ಹಿಟ್ಟಿನ ಗೋಲಿಯನ್ನು ಅದರ ಬೆನ್ನಿನ ಮೇಲೆ ಒತ್ತಿ ಸುರುಳಿ ಸುತ್ತಿದರೆ ಗೆರೆ ಗೆರೆಯ ಕಲ್‌ಕಲ್ ಆಗುತ್ತದೆ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸುವುದು ರೂಢಿ. ಬೆರಳು ಸಣ್ಣದಿದ್ದಷ್ಟೂ ಸುರುಳಿ ಚೆನ್ನ. ಈ ಮೂರನ್ನು ಮುಂದಿಟ್ಟು ಮಕ್ಕಳಿಗೆ ಕೇಳಬಹುದಾದ ಪ್ರಶ್ನೆಗಳಿಗೆ ಕೊನೆಯಿಲ್ಲ. ಯಾವುದಕ್ಕೆ ಬೆಂಕಿ ಬೇಕು, ಯಾವುದಕ್ಕೆ ಎಣ್ಣೆ ಬೇಡ? ಯಾವುದನ್ನು ಒಬ್ಬರೇ ಮಾಡಬಹುದು, ಯಾವುದಕ್ಕೆ ಮನೆಮಂದಿ ಕೂರಬೇಕು? ಮಾಡಿದ್ದನ್ನು ಯಾರಿಗೆ ಕೊಡುತ್ತಾರೆ? ಕೊನೆಯ ಪ್ರಶ್ನೆಗೆ ಮೂರು ಮನೆಯ ಉತ್ತರವೂ ಬಹುತೇಕ ಒಂದೇ ಆಗಿ ಬರುವುದನ್ನು ಮಕ್ಕಳೇ ಗಮನಿಸುತ್ತಾರೆ. ಶಿಕ್ಷಕರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೇಳದಿದ್ದರೇ ಒಳ್ಳೆಯದು.

ಹೀಗೆ ಹತ್ತಿರದ್ದನ್ನು ನೋಡಿದ ಮಕ್ಕಳನ್ನು ಎರಡು ಮೂರನೇ ತರಗತಿಯ ಹೊತ್ತಿಗೆ ದೂರಕ್ಕೆ ಕರೆದೊಯ್ಯಬಹುದು. ಬಾಗಿಲಲ್ಲಿ ತೂಗುವ ಮುಳ್ಳುಮುಳ್ಳಿನ ಕಾಗದದ ನಕ್ಷತ್ರದ ವಂಶ ಹುಡುಕಿದರೆ ಅದು ಜರ್ಮನಿಯ ನೀಸ್ಕಿ ಎಂಬ ಊರಿನ ಮೊರೇವಿಯನ್ ಪಂಥದ ಶಾಲೆಗೆ ಹೋಗಿ ನಿಲ್ಲುತ್ತದೆ. 1830ರ ದಶಕದಲ್ಲಿ ಅಲ್ಲಿ ಅದು ಹುಟ್ಟಿದ್ದು ರೇಖಾಗಣಿತದ ಪಾಠವಾಗಿ! ಗೋದಲಿ ಕಟ್ಟುವ ರೂಢಿಯನ್ನು ಅಸ್ಸಿಸಿಯ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಮಾಡಿದ ದೃಶ್ಯದಿಂದ ಗುರುತಿಸುತ್ತಾರೆ; ಗೋವಾ ಕಡೆ ಅದೇ ಗೋದಲಿಯಲ್ಲಿ ರಾಗಿ ಮೊಳಕೆ ಬೆಳೆಸಿ ಹಸಿರು ಗದ್ದೆ ಮಾಡುತ್ತಾರೆ. ಇನ್ನು ಕ್ರಿಸ್ಮಸ್ ಮರಕ್ಕೆ ಅಂಟಿಸುವ ಹತ್ತಿಯ ಹಿಮ. ಕೋಲಾರದ ಆಕಾಶದಿಂದ ಹಿಮ ಉದುರಿದ್ದಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ 21ರಂದು ಹಗಲು ಸುಮಾರು 6 ಗಂಟೆ. ನಮ್ಮಲ್ಲಿ ಅದೇ ದಿನ 11 ಗಂಟೆ 20 ನಿಮಿಷಕ್ಕೂ ಹೆಚ್ಚು. ಅಲ್ಲಿ ಮೇಣದ ಬತ್ತಿ ಕತ್ತಲೆಗೆ ಉತ್ತರ. ಇಲ್ಲಿ ಈ ತಿಂಗಳುಗಳನ್ನು ಹಬ್ಬವಾಗಿಸುವುದು ಕತ್ತಲಲ್ಲ, ಕಣ: ರಾಗಿ ಕೊಯ್ಲು ಮುಗಿದಿರುತ್ತದೆ, ಕಬ್ಬು ಬಂದಿರುತ್ತದೆ, ಸೊಗಡು ಹತ್ತಿದ ಅವರೆಕಾಯಿ ಮೂಟೆಮೂಟೆಯಾಗಿ ಸಂತೆಗೆ ಇಳಿದಿರುತ್ತದೆ. ಹಬ್ಬ ಹುಟ್ಟಿದ ಜಾಗದ ಹವಾಮಾನ ಒಂದು, ಆಚರಿಸುವ ಜಾಗದ್ದು ಇನ್ನೊಂದು ಆಗಬಹುದು ಎಂಬ ತಿಳಿವು ಹತ್ತಿಯ ಹಿಮದಿಂದಲೇ ಸಿಗುತ್ತದೆ. ಅದಕ್ಕಾಗಿ ಹತ್ತಿಯನ್ನು ಕಿತ್ತೆಸೆಯಬೇಕಿಲ್ಲ, ಅದು ಅಲ್ಲಿ ಯಾಕಿದೆ ಎಂದು ಕೇಳಿದರೆ ಸಾಕು.

ಸಂಕ್ರಾಂತಿಗೂ ಇಂಥದ್ದೇ ಒಂದು ಪ್ರಶ್ನೆ ಕಾದಿದೆ. ಶಾಲೆಯ ಅಂಗಳದಲ್ಲಿ 1 ಮೀಟರ್ ಉದ್ದದ ಕೋಲು ನೆಟ್ಟು ನಡುಹಗಲಿನ ನೆರಳನ್ನು ಅಳೆದರೆ ಡಿಸೆಂಬರ್ 21ರಂದು ಅದು ಸುಮಾರು 74 ಸೆಂಟಿಮೀಟರ್ ಇರುತ್ತದೆ. ಜನವರಿ 14ಕ್ಕೆ ಸುಮಾರು 68. ಅಂದರೆ ಸಂಕ್ರಾಂತಿ ಬರುವಷ್ಟರಲ್ಲಿ ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ದಾಟಿರುತ್ತದೆ. ಭೂಮಿಯ ಅಕ್ಷದ ನಿಧಾನದ ತಿರುಗುವಿಕೆಯಿಂದ, ನಕ್ಷತ್ರಗಳನ್ನು ಆಧರಿಸಿದ ನಮ್ಮ ಸಂಕ್ರಾಂತಿ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವೇ ಆಗಿತ್ತು. ಕ್ರಿಸ್ಮಸ್‌ನದ್ದೂ ಬೇರೆ ಕತೆಯೇನಲ್ಲ: ಹಳೆಯ ಜೂಲಿಯನ್ ಪಂಚಾಂಗ ಹಿಡಿದ ರಷ್ಯದ ಚರ್ಚಿನಲ್ಲಿ ಡಿಸೆಂಬರ್ 25 ಬರುವುದು ನಮ್ಮ ಜನವರಿ 7ಕ್ಕೆ. ಅಕ್ಷಚಲನೆಯ ವಿವರಣೆ ದೊಡ್ಡ ತರಗತಿಗೆ ಸೇರಿದ್ದು, ಕೋಲಿನ ನೆರಳು ಮಾತ್ರ ಏಳು ವರ್ಷದ ಮಗುವಿನ ಅಳತೆಗೆ ನಿಲುಕುವಂಥದ್ದೇ.

ಇದಕ್ಕೆಲ್ಲ ಬರುವ ಮೊದಲ ಆಕ್ಷೇಪ ಗೊತ್ತಿರುವಂಥದ್ದೇ: ಮಗು ಮೊದಲು ತನ್ನ ಸಂಸ್ಕೃತಿಯನ್ನು ಗಟ್ಟಿ ಮಾಡಿಕೊಳ್ಳಲಿ, ಉಳಿದದ್ದು ಆಮೇಲೆ. ಕೇಳಲು ಸಮಂಜಸ. ಆದರೆ ಎಲಚಿ ಹಣ್ಣು ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಎಂಬುದು, ಭೋಗಿಯಂದೇ ಎರೆಯುವ ಮನೆಯೊಂದನ್ನು ಕಂಡ ಮೇಲಷ್ಟೇ ‘ನಮ್ಮದು’ ಎಂದು ಅರಿವಾಗುತ್ತದೆ. ಅಲ್ಲಿಯವರೆಗೆ ಅದು ಬರೀ ‘ಹಬ್ಬ’. ಅಜ್ಜಿಯನ್ನು ಕೇಳಿಕೊಂಡು ಬಾ ಎಂದು ಮಗುವನ್ನು ಮನೆಗೆ ಕಳಿಸುವ ಪಾಠ ಅದನ್ನು ಅದರ ಸಂಸ್ಕೃತಿಗೆ ಹತ್ತಿರವೇ ಮಾಡುತ್ತದೆ. ನನಗೆ ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಆಕ್ಷೇಪ ಇನ್ನೊಂದು: ಭೇದವೇ ಗೊತ್ತಿಲ್ಲದೆ ಒಟ್ಟಿಗೆ ಆಡುವ ಮಕ್ಕಳಿಗೆ ನಾವೇ ಭೇದ ತೋರಿಸಿದಂತಾಗುವುದಿಲ್ಲವೇ? ಈ ಭಯಕ್ಕೆ ಆಧಾರವಿದೆ. ಮನಶ್ಶಾಸ್ತ್ರಜ್ಞೆ ರೆಬೆಕಾ ಬಿಗ್ಲರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಾಥಮಿಕ ವಯಸ್ಸಿನ ಮಕ್ಕಳಿಗೆ ನೀಲಿ, ಹಳದಿ ಅಂಗಿ ತೊಡಿಸಿದ್ದರು. ಶಿಕ್ಷಕರು ಬಣ್ಣದ ಗೊಡವೆಗೆ ಹೋಗದ ತರಗತಿಗಳಲ್ಲಿ ಏನೂ ಆಗಲಿಲ್ಲ. ಬಣ್ಣ ಹಿಡಿದು ಕರೆದ, ಬಣ್ಣದ ಪ್ರಕಾರ ಕೆಲಸ ಹಂಚಿದ ತರಗತಿಗಳಲ್ಲಿ ಮಕ್ಕಳು ತಮ್ಮ ಬಣ್ಣದವರೇ ಮೇಲು ಎನ್ನತೊಡಗಿದರು. ಅಂಗಿ ಇದ್ದದ್ದರಿಂದ ಹಾನಿಯಾಗಲಿಲ್ಲ. ಮೇಷ್ಟರು ಅದನ್ನು ಗುಂಪು ಮಾಡಲು ಬಳಸಿದ್ದರಿಂದ ಆಯಿತು. ‘ಕ್ರಿಶ್ಚಿಯನ್ ಮಕ್ಕಳು ಎದ್ದು ನಿಂತು ನಿಮ್ಮ ಹಬ್ಬದ ಬಗ್ಗೆ ಹೇಳಿ’ ಎನ್ನುವುದು ಅಂಗಿಯ ಬಣ್ಣ ಹಿಡಿದು ಕರೆಯುವ ಕೆಲಸ. ‘ಬೆಳಗ್ಗೆ ಕತ್ತಲಲ್ಲೇ ಎದ್ದವರು ಯಾರು, ಯಾಕೆ?’ ಎಂದಾಗ ಕೋಲ ಹಾಕಿದ ಹುಡುಗಿ, ಅಯ್ಯಪ್ಪ ಮಾಲೆಯವರ ಮನೆಯ ಹುಡುಗ, ಬಲಿಪೂಜೆಗೆ ಹೋದವನು, ಬೆಳಗಿನ ರೈಲಿಗೆ ಅಪ್ಪನನ್ನು ಕಳಿಸಿದವಳು ಎಲ್ಲರೂ ಕೈ ಎತ್ತುತ್ತಾರೆ. ಗುಂಪು ಪ್ರಶ್ನೆಗೊಂದರಂತೆ ಬದಲಾಗುತ್ತಾ ಹೋಗುತ್ತದೆ. ಮಾಡಬೇಕಾದ ಎಚ್ಚರಿಕೆಯೆಲ್ಲ ಇಷ್ಟರಲ್ಲೇ ಇದೆ ಎನ್ನಬಹುದು.

ಸರ್ಕಾರಿ ಶಾಲೆಯಲ್ಲಿ ಧರ್ಮದ ಮಾತು ಸಲ್ಲದು ಎಂದು ಸಂವಿಧಾನದ 28ನೇ ವಿಧಿಯನ್ನು ನೆನಪಿಸುವವರೂ ಇದ್ದಾರೆ. ಆ ವಿಧಿ ತಡೆಯುವುದು ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿನ ಧಾರ್ಮಿಕ ಬೋಧನೆಯನ್ನು. ಧರ್ಮಗಳ ಕುರಿತು ತಿಳಿಸುವುದು ಅದಕ್ಕೆ ವಿರುದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿದೆ. ಹಿಟ್ಟು ಕಲಸುವುದು, ನೆರಳು ಅಳೆಯುವುದು, ಅಜ್ಜಿಯನ್ನು ಕೇಳಿ ಬರುವುದು ಯಾವ ಬೋಧನೆಯೂ ಅಲ್ಲ, ಅವು ಪರಿಸರ ಅಧ್ಯಯನವೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ, 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಎರಡೂ ಆಟ, ಮಾತು, ಸುತ್ತಲಿನ ವಸ್ತುಗಳಿಂದ ಕಲಿಸಿ ಎನ್ನುತ್ತವೆ. ಕನ್ನಡದ ಜೊತೆ ತಮಿಳು, ಉರ್ದು ಮಾಧ್ಯಮದ ಶಾಲೆಗಳೂ ಇರುವ ಊರಿನಲ್ಲಿ ಸುತ್ತಲಿನ ವಸ್ತು ಎಂದರೆ ಇವೇ ತಾನೆ?

ಎದುರು ದಿಕ್ಕಿನ ತಪ್ಪೂ ಒಂದಿದೆ, ಅದು ಸಜ್ಜನರ ತಪ್ಪು. ‘ಎಲ್ಲ ಹಬ್ಬವೂ ಒಂದೇ, ಎಲ್ಲರೂ ಹೇಳುವುದು ಪ್ರೀತಿಯನ್ನೇ’ ಎಂದು ಮುಗಿಸಿಬಿಡುವುದು. ಅಮೆರಿಕದ ಶಿಕ್ಷಣತಜ್ಞೆ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ 1989ರ ತಮ್ಮ ಪುಸ್ತಕದಲ್ಲಿ ತಿಂಡಿ, ಉಡುಪು, ಹಬ್ಬ ಇಷ್ಟನ್ನೇ ಮುಟ್ಟಿ ವಾಪಸಾಗುವ ಪಾಠವನ್ನು ಪ್ರವಾಸಿ ಪಾಠ ಎಂದು ಟೀಕಿಸಿದ್ದರು. ತಿಂಡಿಯಿಂದಲೇ ಶುರು ಮಾಡಿ ಎನ್ನುವ ನನ್ನ ವಾದಕ್ಕೂ ಆ ಟೀಕೆ ತಗಲುತ್ತದೆ, ತಿಂಡಿಯಲ್ಲೇ ನಿಂತುಬಿಟ್ಟರೆ. ಹಬ್ಬಗಳು ಒಂದೇ ಅಲ್ಲ. ಕ್ರಿಸ್ಮಸ್ ಒಬ್ಬ ವ್ಯಕ್ತಿಯ ಹುಟ್ಟಿನ ನೆನಪು, ಪೊಂಗಲ್ ಸೂರ್ಯನಿಗೆ ಸಲ್ಲುವ ಕೃತಜ್ಞತೆ; ಕೆಲವು ಕ್ರೈಸ್ತ ಪಂಗಡಗಳು ಕ್ರಿಸ್ಮಸ್ಸನ್ನೇ ಆಚರಿಸುವುದಿಲ್ಲ, ಎಷ್ಟೋ ತಮಿಳು ಕ್ಯಾಥೊಲಿಕ್ ಚರ್ಚುಗಳ ಅಂಗಳದಲ್ಲಿ ಪೊಂಗಲ್ ಮಡಕೆ ಉಕ್ಕುತ್ತದೆ. ಒಂದೇ ದೀಪಕ್ಕೆ ಎರಡು ಕತೆ ಇರುವುದನ್ನು ಗಣಿಯ ಜನ ನೂರು ವರ್ಷದ ಹಿಂದೆಯೇ ಚರ್ಚಿಸಿದ್ದರು. ದಲಿತರ ಬೌದ್ಧ ಚಳವಳಿಯ ನೇತಾರ ಅಯೋಧಿದಾಸ ಪಂಡಿತರು (1845-1914) 1907ರಲ್ಲಿ ಆರಂಭಿಸಿದ ‘ತಮಿಳನ್’ ವಾರಪತ್ರಿಕೆಗೆ ಗಣಿ ಕಾರ್ಮಿಕರು ದೊಡ್ಡ ಓದುಗ ಬಳಗವಾಗಿದ್ದರು. ಮಾರಿಕುಪ್ಪಂ, ಚಾಂಪಿಯನ್ ರೀಫ್‌ನಲ್ಲಿ ಬೌದ್ಧ ಸಂಘಗಳಿದ್ದವು. ಪಂಡಿತರ ಬರಹಗಳನ್ನು ಮುಂದೆ ಪುಸ್ತಕವಾಗಿ ತಂದದ್ದು ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ. ದೀಪಾವಳಿ, ಕಾರ್ತಿಕ ದೀಪಗಳ ಮೂಲ ಬೌದ್ಧರದ್ದು ಎಂಬುದು ಅವರ ವಾದ. ಒಪ್ಪುವುದು ಬಿಡುವುದು ಬೇರೆ ಮಾತು. ಹಗಲೆಲ್ಲ ಭೂಮಿಯೊಳಗೆ ದುಡಿದು ಬಂದವರು ದೀಪ ಯಾಕೆ ಹಚ್ಚುತ್ತೇವೆ ಎಂದು ವಾದಿಸುವ ವ್ಯವಧಾನ ಇಟ್ಟುಕೊಂಡಿದ್ದರು. ಅವರ ಮರಿಮಕ್ಕಳಿಗೆ ‘ಎಲ್ಲವೂ ಒಂದೇ’ ಎಂಬ ಸಕ್ಕರೆ ನೀರು ಕುಡಿಸುವುದು ಅವಮಾನವಾದೀತು. ಎಂಟು ವರ್ಷದ ಮಗುವಿಗೆ ‘ಇವರು ಹೀಗೆ ಹೇಳುತ್ತಾರೆ, ಅವರು ಹಾಗೆ ಹೇಳುತ್ತಾರೆ’ ಎಂಬ ವಾಕ್ಯ ಅರ್ಥವಾಗುತ್ತದೆ.

ಇಲ್ಲಿಯ ಶಿಕ್ಷಕರು ಎಚ್ಚರ ವಹಿಸಬೇಕಾದ ಇನ್ನೊಂದು ಜಾಗ ಹಣದ್ದು. ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಧನುರ್ಮಾಸವಿಡೀ ಕೋಲ ಹಾಕಲು, ರಾತ್ರಿಯಿಡೀ ಕಲ್‌ಕಲ್ ಸುತ್ತಲು ಆ ಮನೆಗಳಲ್ಲಿ ಕೈಯೂ ಇಲ್ಲ, ಹೊತ್ತೂ ಇಲ್ಲ. ಬೇಕರಿಯ ಕಾಲು ಕೆಜಿ ಕೇಕಿನಲ್ಲಿ, ಪ್ಯಾಕೆಟ್ ಎಳ್ಳಿನಲ್ಲಿ ಹಬ್ಬ ಮುಗಿಯುತ್ತದೆ. ‘ಹಬ್ಬಕ್ಕೆ ಏನು ತೊಗೊಂಡ್ರಿ?’ ಎಂಬ ಒಂದು ಪ್ರಶ್ನೆ ತರಗತಿಯನ್ನು ಧರ್ಮಕ್ಕಿಂತ ಕ್ರೂರವಾಗಿ ಎರಡು ಮಾಡಿಬಿಡಬಲ್ಲದು. ಏನು ಸಿಕ್ಕಿತು ಎಂದು ಕೇಳದೆ, ಏನು ಮಾಡಿದಿರಿ, ಯಾರು ಮಾಡಿದರು ಎಂದೇ ಕೇಳಬೇಕು. ಪ್ಯಾಕೆಟ್ ಎಳ್ಳು ತಂದ ಮನೆಯನ್ನೂ ಮನೆಯಲ್ಲೇ ಕೊಬ್ಬರಿ ಹೆಚ್ಚಿದ ಮನೆಯನ್ನೂ ಪಕ್ಕಪಕ್ಕ ಇಟ್ಟು ನೋಡುವುದೂ ಹೋಲಿಕೆಯೇ, ಯಾವುದು ‘ನಿಜವಾದ’ ಸಂಕ್ರಾಂತಿ ಎಂದು ತೀರ್ಪು ಕೊಡದಿದ್ದರೆ.

ಉಳಿದದ್ದು ಮುಸ್ಲಿಂ ಮಗುವಿನ ಪ್ರಶ್ನೆ. ಚಳಿಗಾಲದ ಹಬ್ಬ ಎಂದು ವಿಷಯ ಇಟ್ಟುಕೊಂಡ ಕೂಡಲೇ ಅವಳು ಹೊರಗುಳಿದಂತೆ ಕಾಣುತ್ತದೆ. ಆಗ ಶಿಕ್ಷಕರು ಯಾವುದೋ ತಿಂಗಳಿನ ರಂಜಾನನ್ನು ಎಳೆದು ತಂದು ಚಾರ್ಟಿಗೆ ಸೇರಿಸುತ್ತಾರೆ. ಅದರ ಬದಲು ಈ ಅಸಮತೆಯನ್ನೇ ಪಾಠ ಮಾಡಬಹುದು. ಹಿಜರಿ ವರ್ಷ ಪೂರ್ತಿ ಚಂದ್ರನದು, ಅಧಿಕ ಮಾಸದ ಹೊಂದಾಣಿಕೆ ಅದರಲ್ಲಿಲ್ಲ. ಹಾಗಾಗಿ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಬರುತ್ತಾ, 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಗಣಿ ಮುಚ್ಚುವ ಹಿಂದಿನ ವರ್ಷ, 2000ದಲ್ಲಿ, ರಂಜಾನ್ ಹಬ್ಬ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಮತ್ತೊಮ್ಮೆ ಬಂದಿತ್ತು. 2030ರಲ್ಲಿ ಉಪವಾಸದ ತಿಂಗಳೇ ಎರಡು ಸಲ ಶುರುವಾಗಲಿದೆ: ಜನವರಿ ಮೊದಲ ವಾರದಲ್ಲಿ, ಮತ್ತೆ ಕ್ರಿಸ್ಮಸ್ ಮುಗಿದ ಬೆನ್ನಿಗೆ. ಆಗ ಆಂಡರ್‌ಸನ್‌ಪೇಟೆಯ ಒಂದೇ ಬೀದಿಯಲ್ಲಿ ಬೆಳಗಿನ ಜಾವ ಸೆಹರಿಗೆ ಎದ್ದವರೂ ಕೋಲಕ್ಕೆ ನೀರು ಚಿಮುಕಿಸಲು ಎದ್ದವರೂ ಇರುತ್ತಾರೆ. ಈಗ ಅಂಗನವಾಡಿಯಲ್ಲಿರುವ ಹುಡುಗಿ ಆ ವರ್ಷದ ಸಂಕ್ರಾಂತಿಗೆ ಎಳ್ಳಿನ ತಟ್ಟೆ ಹಿಡಿದು ಹೊರಟಾಗ, ರೋಜಾ ಇರುವ ಗೆಳತಿಯ ಮನೆಗೆ ಸೂರ್ಯ ಮುಳುಗಿದ ಮೇಲೆ ಹೋಗಬೇಕೋ, ಮೊದಲೇ ಕೊಟ್ಟು ಬರಬಹುದೋ ಎಂದು ತರಗತಿಯಲ್ಲಿ ಕೇಳಿದರೆ, ಮೇಷ್ಟರು ಆ ಗೆಳತಿಯನ್ನೇ ಕೇಳು ಎನ್ನಬಹುದು.